ಪದಚರ್ಚೆ: ‘ಐದಕ್ಷರದ ಪದ’ ಯಾರ ಲೆಕ್ಕದಲ್ಲಿ ಐದು?

ಪ್ರಶ್ನೆ:
ಕಾಸರಗೋಡಿನ ಕನ್ನಡ ಮಾಧ್ಯಮದ ಏಳನೇ ತರಗತಿಗೆಂದು ಇಂಗ್ಲಿಷ್ ಪದದಾಟವೊಂದು ತಯಾರಾಗುತ್ತಿದೆ. ಸುಳಿವು ಹೀಗಿದೆ: ‘ಐದಕ್ಷರದ ಪದ, ಮೂರನೆಯ ಅಕ್ಷರ ಎ, ಕೊನೆಯದು ಇ.’ ಮಕ್ಕಳು ಅಕ್ಷರವನ್ನು ಕನ್ನಡದ ಕ್ರಮದಲ್ಲಿ ಎಣಿಸಿ ಗಲಿಬಿಲಿಯಾಗುತ್ತಾರೆ. ‘ಅಕ್ಷರ’ದ ಬದಲು ‘ವರ್ಣ’ ಎಂದು ಬರೆದರೆ ಸರಿಯಾದೀತೇ? ಈ ಮಾದರಿಗೆ ಯಾವ ಪದಗಳನ್ನು ತೆಗೆದುಕೊಳ್ಳಬಹುದು, ಯಾವುದನ್ನು ಬಿಡಬೇಕು?

ಉತ್ತರ 1:
‘ವರ್ಣ’ ಬೇಡ ಮಾಷ್ಟ್ರೇ, ತೊಡಕು ಹೆಚ್ಚಾಗುತ್ತದೆ. ‘ಪ್ಲೇಟ್’ ಒಂದನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಪಿ, ಎಲ್, ಎ, ಟಿ, ಇ: ಐದು. ಕನ್ನಡದಲ್ಲಿ ವರ್ಣ ಬಿಡಿಸಿದರೆ ಪ್, ಲ್, ಏ, ಟ್: ನಾಲ್ಕು. ಪದಬಂಧದ ಚೌಕದಲ್ಲಿ ತುಂಬಿಸಿದರೆ ಪ್ಲೇ, ಟ್: ಎರಡು. ಛಂದಸ್ಸಿನ ಪ್ರಸ್ತಾರ (ಗುರು-ಲಘು ಗುರುತು) ಹಾಕಿದರೆ ಕೊನೆಯ ಟ್ ಪ್ರತ್ಯೇಕವಾಗಿ ಲೆಕ್ಕಕ್ಕೇ ಬರುವುದಿಲ್ಲ, ಇಡೀ ಪದ ಒಂದೇ ಗುರು. ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಉದ್ದ ಕೇಳಿದರೆ ಆರು ಎನ್ನುತ್ತದೆ, ಯಾಕೆಂದರೆ ಯೂನಿಕೋಡಿನಲ್ಲಿ ಪ, ವಿರಾಮ (ಸ್ವರ ತೆಗೆಯುವ ಚಿಹ್ನೆ), ಲ, ಏತ್ವ, ಟ, ವಿರಾಮ ಎಂದು ಆರು ಸಂಕೇತ. ಅದನ್ನೇ ‘ಪ್ಲೇಟ್‌ನಲ್ಲಿ’ ಎಂದು ಬರೆದರೆ ಟ್ ಮತ್ತು ನ ನಡುವೆ ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಸೇರುತ್ತದೆ. ಹಾಗಾಗಿ ಕನ್ನಡ ಪದಗಳ ಉದ್ದವನ್ನು ಕಂಪ್ಯೂಟರಿನಿಂದ ಎಣಿಸಿ ಪದಬಂಧ ಮಾಡಲು ಹೊರಟವರಿಗೆ ಚೌಕಗಳು ಕೂಡಿಬರುವುದಿಲ್ಲ.

ನಮ್ಮ ಕಡೆಯ ಮಾತಿನಲ್ಲಿ ಅದು ‘ಪ್ಲೇಟು’. ಉಕಾರ ಸೇರಿದ ಮೇಲೆ ಎರಡೂ ಪೂರ್ಣಾಕ್ಷರ. ಮಲಯಾಳದಲ್ಲಿ ಕೊನೆಗೆ ಅರ್ಧ ಉಕಾರದಂಥ ಸ್ವರ ಕೇಳುತ್ತದೆ, ಬರಹದಲ್ಲಿ ಚಂದ್ರಕ್ಕಲ (ಅಲ್ಲಿನ ವಿರಾಮ ಚಿಹ್ನೆ) ಮಾತ್ರ. ಎರಡೂ ಲಿಪಿ ಓದುವ ಮಗುವಿಗೆ ಕೊನೆಯ ಟ್ ಅರ್ಧವೋ ಪೂರ್ತಿಯೋ ಎಂಬ ಗೊಂದಲ ಸಹಜ.

‘ಇಂತಿಷ್ಟನೆಯ ಅಕ್ಷರ ಒಂದೇ ಇರಬೇಕು’ ಎಂಬ ನಿಯಮವಂತೂ ನಮಗೆ ಹಳೆಯದೇ. ಪದ್ಯದ ಸಾಲುಗಳ ಎರಡನೆಯ ಅಕ್ಷರದಲ್ಲಿ ಬರುವ ಆದಿಪ್ರಾಸ ಅಂದರೆ ಅದೇ ತಾನೇ? ಮರ, ಕಿರಿ, ಸೆರೆ: ಎರಡನೆಯ ವ್ಯಂಜನ ರಕಾರವಾದರೆ ಸಾಕು, ಸ್ವರ ಯಾವುದಿದ್ದರೂ ನಡೆಯುತ್ತದೆ. (ಮಂಜೇಶ್ವರದ ಕವಿ ಗೋವಿಂದ ಪೈಗಳು 1911ರಲ್ಲಿ ಕೈಬಿಟ್ಟದ್ದು ಈ ಪ್ರಾಸವನ್ನೇ.) ಇಂಗ್ಲಿಷಿನ ಆಟದಲ್ಲಿ ಈ ರಿಯಾಯಿತಿ ಇಲ್ಲ, ಸ್ವರಕ್ಕೂ ತನ್ನದೇ ಜಾಗ. ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಇದು. ಪದ ‘ಅಕ್ಷರ’ವೇ ಇರಲಿ, ಮುಂದೆ ‘ಇಂಗ್ಲಿಷ್’ ಸೇರಿಸಿ: ‘ಐದು ಇಂಗ್ಲಿಷ್ ಅಕ್ಷರದ ಪದ’. ಸುಳಿವಿನ ಕೆಳಗೆ ಐದು ಖಾಲಿ ಚೌಕ ಬರೆದು ಮೂರನೆಯದನ್ನೂ ಐದನೆಯದನ್ನೂ ತುಂಬಿಸಿಕೊಟ್ಟರೆ ವಿವರಣೆ ಅರ್ಧ ಕಡಿಮೆಯಾಗುತ್ತದೆ.

ಇನ್ನು ಪದಗಳು. ಪ್ಲೇಟ್, ಸ್ಲೇಟ್, ಸ್ಕೇಲ್, ಸ್ಟೇಜ್, ಬ್ಲೇಡ್, ಫ್ರೇಮ್, ಕ್ರೇನ್, ಸ್ನೇಕ್, ಗ್ರೇಪ್, ಸ್ಪೇಸ್ ಇವೆಲ್ಲ ಏಳನೇ ತರಗತಿಗೆ ಹಿಡಿಸುವಂಥವು. ಕೊನೆಯ ಇ ಉಚ್ಚಾರವಾಗುವುದಿಲ್ಲ, ಹಿಂದಿನ ಎ ಅಕ್ಷರಕ್ಕೆ ‘ಏ’ ಎಂಬ ದೀರ್ಘ ಧ್ವನಿ ಕೊಟ್ಟು ಸುಮ್ಮನಾಗುತ್ತದೆ. ಶೇಕ್, ಶೇವ್, ಶೇಪ್ ಕೂಡ ಸರಿ, ಆದರೆ ಇಲ್ಲಿ ಎಸ್ ಮತ್ತು ಎಚ್ ಕೂಡಿ ಒಂದೇ ‘ಶ’ ಆಗುವುದರಿಂದ ಕಿವಿಯಿಂದ ಎಣಿಸುವ ಮಗು ಒಂದು ಚೌಕ ಖಾಲಿ ಬಿಡುತ್ತದೆ. ತಿಮಿಂಗಿಲದ ‘ವೇಲ್’ನಲ್ಲಿ ಡಬ್ಲ್ಯೂ ನಂತರದ ಎಚ್ ತಪ್ಪಿಹೋಗುವುದೂ ಹೀಗೆಯೇ.

ಮಾದರಿಗೆ ಕೂತರೂ ಧ್ವನಿ ತಪ್ಪಿಸುವ ಗುಂಪೊಂದಿದೆ: ಪೀಸ್ (ಶಾಂತಿ), ಲೀಸ್, ಟೀಸ್, ಲೀವ್, ವೀವ್. ಇವುಗಳಲ್ಲೂ ಮೂರನೆಯದು ಎ, ಕೊನೆಯದು ಇ. ಆದರೆ ಎರಡನೆಯದು ಇ ಆದ್ದರಿಂದ ಎರಡು ಸ್ವರ ಕೂಡಿ ‘ಈ’ ಆಗುತ್ತದೆ. ಇಮೇಜ್, ಯೂಸೇಜ್ ಕೂಡ ಇದೇ ಮಾದರಿ, ಆದರೆ ಇಂಗ್ಲಿಷರ ಬಾಯಲ್ಲಿ ಅವು ‘ಇಮಿಜ್’, ‘ಯೂಸಿಜ್’. ‘ಮೊದಲೆರಡೂ ವ್ಯಂಜನ’ ಎಂದು ಒಂದು ಷರತ್ತು ಸೇರಿಸಿದರೆ ಇವೆಲ್ಲ ಒಟ್ಟಿಗೆ ಹೊರಗೆ. ಕ್ಯೂ ಮತ್ತು ಯು ಇಂದ ಶುರುವಾಗುವ ‘ಕ್ವೇಕ್’ ಕೂಡ ಕೈತಪ್ಪುತ್ತದೆ, ಹೋಗಲಿ.

ನಾಲ್ಕನೆಯದು ಆರ್ ಆದ ಶೇರ್, ಸ್ಪೇರ್, ಸ್ಟೇರ್‌ಗಳನ್ನು ಕೊಡಬಹುದು. ಏಕಾರ ಅಲ್ಲಿ ಸ್ವಲ್ಪ ಬಾಯಗಲಿಸುತ್ತದೆ, ಅಷ್ಟೇ.

ಅಕ್ಷರ ಅದಲುಬದಲಿನ ಆಟಕ್ಕೂ ‘ಪ್ಲೇಟ್’ ಒಳ್ಳೆಯದು. ಅದರ ಐದೇ ಅಕ್ಷರಗಳಲ್ಲಿ ಪೆಟಲ್, ಪ್ಲೀಟ್, ಲೆಪ್ಟ್ ಸಿಗುತ್ತವೆ. ನಮ್ಮ ಮಾತಿನಲ್ಲಿ ಪ್ಲೇಟ್ ಎಂದರೆ ಬಟ್ಟಲು, ಉಳಿದ ಮೂರು ಕ್ರಮವಾಗಿ ಎಸಳು, ಸೀರೆಯ ನೆರಿಗೆ, ‘ಹಾರಿದ’.

ಉತ್ತರ 2:
ಮೇಲಿನದಕ್ಕೆ ಎರಡು ಸೇರ್ಪಡೆ. ಮೊದಲನೆಯದು ‘ಬ್ರೇಕ್’. ಗಾಡಿಯ ಬ್ರೇಕಿಗೆ ಬಿ-ಆರ್-ಎ-ಕೆ-ಇ, ಮುರಿಯುವುದಕ್ಕೆ ಬಿ-ಆರ್-ಇ-ಎ-ಕೆ. ಅವೇ ಐದು ಅಕ್ಷರ, ಅದೇ ಉಚ್ಚಾರ, ಸ್ಥಾನ ಮಾತ್ರ ಬೇರೆ. ‘ಸ್ಟೇಕ್’ನದ್ದೂ ಇದೇ ಕಥೆ: ನೆಟ್ಟ ಗೂಟಕ್ಕೆ ಒಂದು ಕ್ರಮ, ಮಾಂಸದ ತುಂಡಿಗೆ ಇನ್ನೊಂದು. ಕನ್ನಡ ಲಿಪಿಯಲ್ಲಿ ಬರೆದರೆ ವ್ಯತ್ಯಾಸ ಕಾಣುವುದೇ ಇಲ್ಲ. ಆದ್ದರಿಂದ ಸುಳಿವಿನಲ್ಲಿ ಅರ್ಥ ಕೊಡದೆ ಇವನ್ನು ಕೇಳಬಾರದು.

ಎರಡನೆಯದು ಸುಳಿವಿನಲ್ಲೇ ಇರುವ ದೋಷ. ‘ಮೂರನೆಯದು ಎ, ಕೊನೆಯದು ಇ’ ಎಂದು ಕನ್ನಡ ಲಿಪಿಯಲ್ಲಿ ಅಚ್ಚಾದರೆ ಮಗು ಅದನ್ನು ಎಲೆಯ ಎ, ಇಲಿಯ ಇ ಎಂದು ಓದುತ್ತದೆ. ಆ ಧ್ವನಿಗಳಿಗೆ ಅದು ಕಲಿತ ಇಂಗ್ಲಿಷ್ ಅಕ್ಷರ ಕ್ರಮವಾಗಿ ಇ ಮತ್ತು ಐ. ಮೂರನೆಯ ಚೌಕದಲ್ಲಿ ಇ, ಐದನೆಯದರಲ್ಲಿ ಐ ತುಂಬಿಸಿ ಕೂತರೆ ಮೇಲಿನ ಪಟ್ಟಿಯ ಒಂದು ಪದವೂ ಕೂಡುವುದಿಲ್ಲ. ಬಾಯಲ್ಲಿ ಹೇಳಿದರೂ ಇದೇ ಎಡವಟ್ಟು. ‘ಆಪಲ್‌ನ ಎ, ಎಗ್‌ನ ಇ’ ಎಂದು ಹೇಳಿ, ಇಲ್ಲವೇ ಬೋರ್ಡಿನ ಮೇಲೆ ಆ ಎರಡು ಅಕ್ಷರಗಳನ್ನು ಇಂಗ್ಲಿಷಿನಲ್ಲೇ ಬರೆದು ತೋರಿಸಿ.