ಸಹಾಯ ಬೇಕು: ಮನೆ ಕೆಎಚ್‌ಬಿ (ಕರ್ನಾಟಕ ಗೃಹ ಮಂಡಳಿ) ಕಾಲೊನಿಯಲ್ಲಿ, ಸದ್ದು ಕೈಗಾರಿಕಾ ಪ್ರದೇಶದಿಂದ. ಯಾವ ಮಿತಿ ಅನ್ವಯ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೂಟಗಳ್ಳಿ ಕೆಎಚ್‌ಬಿ ಕಾಲೊನಿ ಶಾಂತವಾದ ಜಾಗ. ರಾತ್ರಿ ಊಟದ ಹೊತ್ತು ಕಳೆದರೆ ಒಳಬೀದಿಗಳಲ್ಲಿ ಪಕ್ಕದ ಮನೆ ಫ್ಯಾನಿನ ಸದ್ದೂ ಕೇಳುತ್ತೆ. ಅಂಚಿನ ಸಾಲಿನ ಮನೆಗಳಿಗೆ ಮಾತ್ರ ಆ ನೆಮ್ಮದಿ ಇಲ್ಲ. ಕೈಗಾರಿಕಾ ಪ್ರದೇಶದ ಒಂದು ಘಟಕದ ಕಂಪ್ರೆಸರ್ ರಾತ್ರಿಯಿಡೀ ಓಡುತ್ತೆ, ಕಿಟಕಿ ಗಾಜು ಸಣ್ಣಗೆ ಅದುರುತ್ತೆ.

ಕಿಟಕಿಗಳಿಗೆ ರಬ್ಬರ್ ಬೀಡಿಂಗ್ ಹಾಕಿಸಿದ್ದಾಯಿತು. ಕೀರಲು ಸದ್ದು ತಗ್ಗಿತು, ಗುಂಯ್‌ಗುಡುವುದು ತಗ್ಗಲಿಲ್ಲ. ಆ ಕೆಳಸ್ತರದ ಸದ್ದು ಗೋಡೆಯ ಮೂಲಕವೇ ಬರುತ್ತೆ, ಸಂದು ಮುಚ್ಚಿ ಪ್ರಯೋಜನವಿಲ್ಲ. ಮಹಡಿ ಮೇಲೆ ಮಧ್ಯರಾತ್ರಿ ಫೋನ್ ಆ್ಯಪ್ 58 ಡೆಸಿಬೆಲ್ ಆಸುಪಾಸು ತೋರಿಸುತ್ತೆ. ಆ್ಯಪ್ ಲೆಕ್ಕ ಸಾಕ್ಷಿಗೆ ಸಾಲದು ಅಂತ ಗೊತ್ತು, ಅಂದಾಜಿಗೆ ಹೇಳಿದ್ದು.

ಸಿಕ್ಕಿಕೊಂಡಿರುವುದು ಇಲ್ಲಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45, ಕೈಗಾರಿಕಾ ಪ್ರದೇಶದ್ದು 70. ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಮೀರಿದರೆ ದೂರು ಕೊಡಬಹುದು. 45 ಹಿಡಿದರೆ ನಮ್ಮದು 13 ಜಾಸ್ತಿ. 70 ಹಿಡಿದರೆ ದೂರೇ ನಿಲ್ಲಲ್ಲ. ಘಟಕದವರು 70 ಅಂತಲೇ ಪಟ್ಟು ಹಿಡಿದಿದ್ದಾರೆ. ಮಿಶ್ರ ಪ್ರದೇಶವಾದರೆ ಯಾವ ವರ್ಗ ಅಂತ ಸಕ್ಷಮ ಪ್ರಾಧಿಕಾರ ಘೋಷಿಸಬಹುದು ಅಂತಲೂ ನಿಯಮದಲ್ಲಿದೆ.

ಇಂಥ ದೂರು ಕೊಟ್ಟು ಅನುಭವ ಇರುವವರು ದಯವಿಟ್ಟು ತಿಳಿಸಿ: ಅಳತೆ ಸದ್ದು ಹುಟ್ಟುವ ಜಾಗದ ಮಿತಿಗೋ, ಕೇಳಿಸುವ ಮನೆಯ ಮಿತಿಗೋ? ಮನೆ ವಸತಿ ವಲಯದ್ದು ಅಂತ ತೋರಿಸಲು ಕೆಎಚ್‌ಬಿ ಹಂಚಿಕೆ ಪತ್ರ ಸಾಕೋ, ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ವಲಯ ನಕ್ಷೆಯ ಪ್ರತಿಯೂ ಬೇಕೋ?