66ರ ಮಸ್ಟಾಂಗ್: ಹೊಸ ಹೆಡರ್ ಕೂತಿದೆ, ಆದರೆ ಪ್ಲಗ್ ಕ್ಯಾಪ್ ಸುಡುತ್ತಿದೆ

ಹಾಸನದ ಹುಡುಗ (ಮಿಶಿಗನ್):

ಎಲ್ಲರಿಗೂ ನಮಸ್ಕಾರ. ನನ್ನದು 1966ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್. ಆಟೋಮ್ಯಾಟಿಕ್, ಪವರ್ ಸ್ಟೀರಿಂಗ್ ಇಲ್ಲ. ಎರಡು ವರ್ಷದ ಹಿಂದೆ ಒಬ್ಬ ಅಜ್ಜನ ಹತ್ತಿರ ತಗೊಂಡೆ. ವಿಐಎನ್ (ಗಾಡಿಯ ಗುರುತಿನ ನಂಬರ್) 6ಎಫ್07ಸಿ ಅಂತ ಶುರುವಾಗುತ್ತದೆ. ಅಂದರೆ ಡಿಯರ್‌ಬಾರ್ನ್ ಫ್ಯಾಕ್ಟರಿಯದು, ಎರಡು ಬ್ಯಾರೆಲ್ ಕಾರ್ಬುರೇಟರ್‌ನ 289 (ಕ್ಯೂಬಿಕ್ ಇಂಚಿನ ವಿ8) ಎಂಜಿನ್. ಆ ಊರು ನಮ್ಮ ಮನೆಯಿಂದ ಅರ್ಧ ಗಂಟೆ. ಇಷ್ಟು ವರ್ಷವಾದರೂ ಗಾಡಿ ತವರಿನ ಹತ್ತಿರವೇ ಇದೆ ಅಂತ ನನಗೆ ಖುಷಿ. ಹೆಂಡತಿಗೆ ಹೇಳಿದರೆ, "ಓಹೋ, ಇಷ್ಟು ತುಕ್ಕು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು" ಅಂದಳು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದಕ್ಕೆ.

ವಿಷಯಕ್ಕೆ ಬರ್ತೀನಿ. ಅಜ್ಜ ಹಾಕಿಸಿದ್ದ ಹಳೆ ಹೆಡರ್ (ಎಂಜಿನ್‌ನ ಹೊಗೆ ಹೊರಗೆ ಒಯ್ಯುವ ಪೈಪುಗಳ ಜೋಡಣೆ) ಕಲೆಕ್ಟರ್, ಅಂದರೆ ಆ ಪೈಪುಗಳು ಒಂದಾಗುವ ಜಾಗದ ಹತ್ತಿರ ಹೆಬ್ಬೆಟ್ಟು ಹೋಗುವಷ್ಟು ತೂತಾಗಿತ್ತು. ಹೊಸ ಲಾಂಗ್ ಟ್ಯೂಬ್ ಹೆಡರ್ ತರಿಸಿದೆ. ಪೆಟ್ಟಿಗೆ ಮೇಲೆ 289, 302 ಎರಡಕ್ಕೂ ಆಗುತ್ತದೆ ಅಂತಲೇ ಇದೆ. ಎರಡು ಭಾನುವಾರ ಹೋಯಿತು, ಗೆಣ್ಣು ಸುಲಿದುಕೊಂಡೆ, ಕೊನೆಗೂ ಕೂತಿತು. ಬೋಲ್ಟ್ ತೂತುಗಳೆಲ್ಲ ಸರಿಯಾಗಿ ಸೇರಿವೆ. ಸ್ಟೀರಿಂಗ್ ಬಾಕ್ಸ್‌ಗೂ ತಾಗುತ್ತಿಲ್ಲ. ಆದರೆ ಪ್ಯಾಸೆಂಜರ್ ಕಡೆಯ 3 ಮತ್ತು 4ನೇ ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಕ್ಯಾಪ್ ಪೈಪಿಗೆ ಅಂಟಿಕೊಂಡೇ ಕೂತಿವೆ. ಸ್ಟಾರ್ಟ್ ಮಾಡಿ ಹತ್ತು ನಿಮಿಷಕ್ಕೆ ರಬ್ಬರ್ ಸುಟ್ಟ ವಾಸನೆ. 3ನೇ ಕ್ಯಾಪ್ ಕರಗಿ ಬೆಲ್ಲದ ಪಾಕದ ಹಾಗೆ ಪೈಪಿನ ಮೇಲೆ ಇಳಿದಿತ್ತು.

ಮಾರಿದವರು "289 ಆದರೆ ಕೂರಲೇಬೇಕು" ಅಂತ ಒಂದೇ ಮಾತು. ಒಂದು ಸಲ ಬಿಸಿಯಾದ ಮಾಲು ವಾಪಸ್ ತಗೊಳ್ಳಲ್ಲವಂತೆ. ಪೈಪಿಗೆ ಸುತ್ತಿಗೆಯಲ್ಲಿ ಎರಡು ಬಿಟ್ಟು ಜಾಗ ಮಾಡಿಕೊಳ್ಳಲಾ? ಬೇರೆ ಹೆಡರ್ ತರಲಾ?

ಕೆಂಪುಮಣ್ಣು (ಟೆಕ್ಸಾಸ್):

ಸುತ್ತಿಗೆ ಕೆಳಗಿಡಿ ಸರ್. ಮೊದಲು ಎಂಜಿನ್ ಮೌಂಟ್ (ಎಂಜಿನ್ ಕೂರುವ ರಬ್ಬರ್ ಆಧಾರ) ನೋಡಿ. ರಬ್ಬರ್ ಕುಸಿದಿದ್ದರೆ ಎಂಜಿನ್ ಒಂದು ಕಡೆ ವಾಲುತ್ತದೆ, ಆಮೇಲೆ ಯಾವ ಹೆಡರ್ ತಂದರೂ ಜಗಳವೇ. 66ರ ಗಾಡಿಯಲ್ಲಿ ಎರಡು ಶಾಕ್ ಟವರ್ (ಎಂಜಿನ್‌ನ ಎರಡೂ ಪಕ್ಕದಲ್ಲಿ ಸಸ್ಪೆನ್ಷನ್ ಹಿಡಿಯುವ ಗೂಡು) ನಡುವೆ ಮೊದಲೇ ಜಾಗ ಕಮ್ಮಿ. ದೊಡ್ಡ 390 ಎಂಜಿನ್ ಕೂರಿಸಬೇಕು ಅಂತ ಫೋರ್ಡ್‌ನವರು 67ರಲ್ಲಿ ಗಾಡಿಯನ್ನೇ ಅಗಲ ಮಾಡಿದರು. ನಿಮ್ಮದು ಆಟೋಮ್ಯಾಟಿಕ್ ಆಗಿದ್ದು ಪುಣ್ಯ, ಕ್ಲಚ್ ಪೆಡಲ್‌ನಿಂದ ಹೋಗುವ ಜಡ್ ಬಾರ್ ಅನ್ನುವ ಸರಳಿನ ಕಾಟ ಇಲ್ಲ. ನಾನಾಗಿದ್ದರೆ ಟ್ರೈ-ವೈ ಹಾಕುತ್ತಿದ್ದೆ. ನಾಲ್ಕು ಪೈಪ್ ಎರಡಾಗಿ, ಎರಡು ಒಂದಾಗುವ ಮಾದರಿ. 65ರ ಶೆಲ್ಬಿ ಜಿಟಿ350ಯಲ್ಲಿ ಇದ್ದದ್ದೂ ಅದೇ.

ಬೋಲ್ಟು ಬಸಣ್ಣ:

ಮೌಂಟ್ ಕುಸಿದಿದ್ದರೆ ಪೈಪ್ ಹೋಗಿ ಸ್ಟೀರಿಂಗಿಗೋ ಟವರಿಗೋ ತಾಗಬೇಕು. ಪ್ಲಗ್ಗಿಗೆ ಯಾಕೆ ತಾಗುತ್ತದೆ? ಪ್ಲಗ್ಗೂ ಹೆಡರ್ರೂ ಎರಡೂ ಕೂತಿರುವುದು ಅದೇ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ ಭಾಗ) ಮೇಲೆ. ಎಂಜಿನ್ ಎತ್ತ ವಾಲಿದರೂ ಅವೆರಡರ ನಡುವಿನ ಅಂತರ ಬದಲಾಗಲ್ಲ. ನನಗೆ ಅನುಮಾನ ಇರುವುದು ಹೆಡ್ ಮೇಲೇ.

ಹಾಸನದವರೇ, ಆ ವಿಐಎನ್ ಹೇಳುವುದು ಗಾಡಿ ಫ್ಯಾಕ್ಟರಿಯಿಂದ ಹೊರಟಾಗ ಯಾವ ಎಂಜಿನ್ ಇತ್ತು ಅಂತ ಮಾತ್ರ. ಈಗ ಬಾನೆಟ್ ಕೆಳಗೆ ಏನಿದೆ ಅಂತ ಅದಕ್ಕೇನು ಗೊತ್ತು? ಮೂರು ಕೆಲಸ ಮಾಡಿ. ಹೆಡ್‌ನ ಮುಂದಿನ ತುದಿ ಒರೆಸಿ, ಅಚ್ಚಿನಲ್ಲಿ ಬಂದ ಉದ್ದುದ್ದ ಪಟ್ಟಿ ಇವೆಯಾ, ಇದ್ದರೆ ಎಷ್ಟು, ಎಣಿಸಿ. ಡಿಸ್ಟ್ರಿಬ್ಯೂಟರ್‌ನಿಂದ ಪ್ಲಗ್‌ಗಳಿಗೆ ವೈರ್ ಯಾವ ಕ್ರಮದಲ್ಲಿ ಹೋಗಿವೆ ನೋಡಿ, ಕಿಡಿ ಹಾರುವ ಕ್ರಮ (ಫೈರಿಂಗ್ ಆರ್ಡರ್) ಅದೇ. ಆ ಹಳೆ ಹೆಡರ್ ಎಸೆದಿಲ್ಲ ತಾನೆ? ಪ್ಲಗ್ ಎದುರಿನ ಜಾಗ ನೋಡಿ.

ಹಾಸನದ ಹುಡುಗ:

ಸರ್, ಈಗಷ್ಟೇ ಗ್ಯಾರೇಜಿಂದ ಬಂದೆ, ಕೈ ಇನ್ನೂ ಕಪ್ಪು.

ಪಟ್ಟಿ ನಾಲ್ಕು. ಟಾರ್ಚ್ ಹಿಡಿದು ಎರಡು ಸಲ ಎಣಿಸಿದೆ. ವೈರ್ 1-3-7-2-6-5-4-8. ನನ್ನ ಹತ್ತಿರದ ಸರ್ವಿಸ್ ಪುಸ್ತಕದಲ್ಲಿ 289ಕ್ಕೆ 1-5-4-2-6-3-7-8 ಅಂತಿದೆ.

ಇನ್ನು ಹಳೆ ಹೆಡರ್. 3 ಮತ್ತು 4ರ ಪೈಪಿನ ಮೇಲೆ ಚಮಚದಷ್ಟು ಅಗಲದ ಗುಂಡಿಗಳಿವೆ. ಬಿಚ್ಚುವಾಗಲೇ ಕಂಡಿತ್ತು. ಸಾಗಿಸುವಾಗ ಎಲ್ಲೋ ಬಡಿದಿರಬೇಕು ಅಂದುಕೊಂಡಿದ್ದೆ. ಈಗ ಸರಿಯಾಗಿ ನೋಡಿದರೆ ಅಂಚು ನುಣ್ಣಗಿದೆ, ಒಂದರ ಹಾಗೇ ಇನ್ನೊಂದು. ಯಾರೋ ಬೇಕಂತಲೇ ಬಡಿದಿದ್ದಾರೆ ಅಲ್ವಾ?

ಬೋಲ್ಟು ಬಸಣ್ಣ:

ಅಜ್ಜನೇ ಬಡಿದಿರಬೇಕು. ಅವರಿಗೆ ಗೊತ್ತಿತ್ತು, ನಿಮಗೆ ಹೇಳಲಿಲ್ಲ ಅಷ್ಟೆ.

ನಾಲ್ಕು ಪಟ್ಟಿ ಅಂದರೆ ಅದು ಜಿಟಿ40ಪಿ ಹೆಡ್. ಮೂರಿದ್ದರೆ ಬರೀ ಜಿಟಿ40. 97ರ ಮಧ್ಯದಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್ 5.0 ಲೀಟರ್ ವಿ8ನಲ್ಲಿ ಬರುತ್ತಿತ್ತು. ಮ್ಯಾನಿಫೋಲ್ಡ್ ಬೋಲ್ಟ್‌ಗಳ ಜಾಗ ಹಳೆಯದರ ಹಾಗೇ ಇದೆ. ಅದಕ್ಕೇ ನಿಮ್ಮ ಹೆಡರ್ ಚೆನ್ನಾಗಿ ಕೂತು ಮೋಸ ಮಾಡಿತು. ಬದಲಾಗಿರುವುದು ಪ್ಲಗ್ ಕೂರುವ ಕೋನ. ಹಳೆ 289ರ ಪ್ಲಗ್ ನೆನಪಲ್ಲಿಟ್ಟು ಬಗ್ಗಿಸಿದ ಪೈಪು, ಪಿ ಹೆಡ್‌ನ ಪ್ಲಗ್ ಬರುವ ಜಾಗದಲ್ಲೇ ಹಾದುಹೋಗುತ್ತದೆ.

ಬರೀ ವೈರಿನ ಕ್ರಮ ನೋಡಿ ಎಂಜಿನ್ ಯಾವುದು ಅಂತ ತೀರ್ಮಾನ ಮಾಡಬೇಡಿ. ಅದು ಕ್ಯಾಮ್ ಶಾಫ್ಟ್ (ವಾಲ್ವ್ ತೆರೆಯುವ ದಂಡ) ಮಾತು, 289ಕ್ಕೂ ಆ ಕ್ಯಾಮ್ ಹಾಕಬಹುದು. ಆದರೆ ಪಿ ಹೆಡ್ ಜೊತೆಗೇ ಸಿಕ್ಕಿದ್ದರಿಂದ ಇಡೀ ಎಕ್ಸ್‌ಪ್ಲೋರರ್ ಎಂಜಿನ್ನೇ ಇಳಿಸಿರುವ ಸಾಧ್ಯತೆ ಜಾಸ್ತಿ. ಇದು ಖಾತ್ರಿಯಾಗುವವರೆಗೆ ಕ್ರ್ಯಾಂಕ್ ಬ್ಯಾಲೆನ್ಸರ್, ಫ್ಲೆಕ್ಸ್ ಪ್ಲೇಟ್ ಏನೂ ಕೊಳ್ಳಬೇಡಿ. ಅವುಗಳಲ್ಲಿ ಎಂಜಿನ್ ಸಮತೋಲನಕ್ಕೆ ಅಂತ ಇರುವ ತೂಕ 289ಕ್ಕೆ 28 ಔನ್ಸ್, 82ರ ನಂತರದ 5.0ಗೆ 50 ಔನ್ಸ್. ತಪ್ಪಾದದ್ದು ಹಾಕಿದರೆ ಎಂಜಿನ್ ಕುಣಿದು ಬೇರಿಂಗ್ ತಿನ್ನುತ್ತದೆ.

ಹಾಂ, ಹೆಡ್ ಕೆಟ್ಟದ್ದು ಅಂತ ಬೇಜಾರಾಗಬೇಡಿ. ನಿಮ್ಮ 289ರ ಹೆಡ್‌ಗಿಂತ ಉಸಿರಾಟ ಚೆನ್ನಾಗಿದೆ. ಇದನ್ನು ಹುಡುಕಿಕೊಂಡು ಜನ ಗುಜರಿ ಅಂಗಡಿ ಸುತ್ತುತ್ತಾರೆ. ಪಿ ಹೆಡ್‌ಗೆ ಅಂತಲೇ ಮಾಡಿದ ಹೆಡರ್ ಸಿಗುತ್ತದೆ, ಅದನ್ನೇ ತನ್ನಿ. ಆರ್ಡರ್ ಮಾಡುವ ಮುಂಚೆ ಫೋನ್ ಮಾಡಿ "66ರ ಬಾಡಿ, ಪಿ ಹೆಡ್, ಆಟೋಮ್ಯಾಟಿಕ್" ಮೂರನ್ನೂ ಹೇಳಿ. ಎಕ್ಸ್‌ಪ್ಲೋರರ್‌ಗೋ 90ರ ದಶಕದ ಮಸ್ಟಾಂಗ್‌ಗೋ ಮಾಡಿದ್ದು ನಿಮ್ಮ ಟವರ್ ನಡುವೆ ಇಳಿಯುತ್ತದೆ ಅಂತ ಏನೂ ಇಲ್ಲ. ಅಲ್ಲಿವರೆಗೆ ಗಾಡಿ ಓಡಿಸಲೇಬೇಕು ಅಂದರೆ ಗಿಡ್ಡ ಪ್ಲಗ್ಗು, ಪಿಂಗಾಣಿ ಕ್ಯಾಪು. ಪೈಪಿಗೆ ಶಾಖ ತಡೆಯುವ ಬಟ್ಟೆ ಮಾತ್ರ ಸುತ್ತಬೇಡಿ. ನಿಮ್ಮ ಉಪ್ಪಿನ ಊರಲ್ಲಿ ಅದು ತೇವ ಹಿಡಿದುಕೊಂಡು ಒಳಗಿಂದಲೇ ತಿಂದುಹಾಕುತ್ತದೆ.

ಪದ್ಮಿನಿ ಪ್ರಿಯ (ಬೆಂಗಳೂರು):

ಫೋನ್ ಮಾಡಿದರೆ ಹೆಡರ್ ಬರುತ್ತದೆ ಅನ್ನುವುದೇ ಒಂದು ಭಾಗ್ಯ ಕಣ್ರೀ. ನನ್ನದು ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಜೆ.ಸಿ. ರೋಡ್ ಉದ್ದಕ್ಕೂ ಕೇಳಿದೆ, ರೆಡಿಮೇಡ್ ಹೆಡರ್ ಎಲ್ಲೂ ಸಿಗಲಿಲ್ಲ. ಕೊನೆಗೆ ವೆಲ್ಡಿಂಗ್ ಅಂಗಡಿಯ ಸಾಬಣ್ಣನ ಕೈಲಿ ಮಾಡಿಸಿದೆ. ಫೈರಿಂಗ್ ಆರ್ಡರ್ 1-3-4-2, ಹಾಗಾಗಿ 1-4 ಒಂದು ಜೋಡಿ, 2-3 ಒಂದು ಜೋಡಿ. ಅವರು ಪೈಪ್ ಮುಟ್ಟುವ ಮುಂಚೆ ಎಂಜಿನ್‌ಗೆ ನಾಲ್ಕೂ ಪ್ಲಗ್ ಹಾಕಿ, ಕ್ಯಾಪ್ ಸಿಕ್ಕಿಸಿ, ಆಮೇಲೆ ಅಳತೆ ತಗೊಂಡರು. ಫ್ಲಾಂಜ್ (ಪೈಪುಗಳು ಸೇರುವ ಪ್ಲೇಟ್) ಹೆಡ್‌ಗೆ ಬಿಗಿದಿಟ್ಟುಕೊಂಡೇ ಟ್ಯಾಕ್, ಅಂದರೆ ಚುಕ್ಕಿ ವೆಲ್ಡ್ ಹಾಕಿದರು. ಬಿಡಿಯಾಗಿ ಇಟ್ಟು ವೆಲ್ಡ್ ಮಾಡಿದರೆ ಪ್ಲೇಟ್ ಹಪ್ಪಳದ ಹಾಗೆ ಸೊಟ್ಟಗಾಗುತ್ತದಂತೆ. ನಿಮ್ಮ ಪೆಟ್ಟಿಗೆ ಮೇಲಿನ ಬರಹಕ್ಕಿಂತ ಆ ನಾಲ್ಕು ಪ್ಲಗ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಹಾಸನದ ಹುಡುಗ:

ಐದು ವಾರ ಆಯಿತು, ಹೇಳೋದು ಬಾಕಿ ಇತ್ತು. ಬಸಣ್ಣನವರು ಹೇಳಿದ ಮೂರು ಮಾತನ್ನೂ ಫೋನಲ್ಲಿ ಒಪ್ಪಿಸಿದೆ. ಆ ಕಡೆಯವರು "ಮೊದಲೇ ಹೇಳಿದ್ದು ಒಳ್ಳೆಯದಾಯಿತು" ಅಂದರು. ಬಂದ ಹೆಡರ್ ಕೂತಿದೆ. ಪ್ಲಗ್ ಕ್ಯಾಪಿಗೂ ಪೈಪಿಗೂ ನಡುವೆ ನನ್ನ ಕಿರುಬೆರಳು ಹೋಗುತ್ತದೆ. 4ನೇ ಪ್ಲಗ್ ಮಾತ್ರ ಗಾಡಿ ಕೆಳಗೆ ಮಲಗಿಯೇ ಬಿಚ್ಚಬೇಕು, ಇರಲಿ. ಮೂರು ಸಲ ಬಿಸಿ ಮಾಡಿ, ತಣ್ಣಗಾದ ಮೇಲೆ ಬೋಲ್ಟ್ ಮತ್ತೆ ಬಿಗಿದೆ. ಮೊದಲ ಸಲ ಎರಡು ಬೋಲ್ಟ್ ಕೈಯಲ್ಲೇ ತಿರುಗುವಷ್ಟು ಸಡಿಲವಾಗಿದ್ದವು.

ಮೊದಲು ತಂದ ಲಾಂಗ್ ಟ್ಯೂಬ್ ಹೆಡರ್ ಗ್ಯಾರೇಜಿನ ಮೂಲೆಯಲ್ಲಿದೆ. ಹತ್ತು ನಿಮಿಷ ಓಡಿದ್ದು, ಸುಟ್ಟ ರಬ್ಬರ್ ಕೆರೆದು ತೆಗೆದಿದ್ದೇನೆ. ಅರ್ಧ ಬೆಲೆ, ಗ್ಯಾಸ್ಕೆಟ್ ಸುಮ್ನೆ ಕೊಡ್ತೀನಿ. ಮಿಶಿಗನ್ ಸುತ್ತಮುತ್ತ 289 ಇರುವವರು ಬಂದು ತಗೊಂಡು ಹೋಗಬಹುದು. ಹೊರಡುವ ಮುಂಚೆ ಹೆಡ್ ಮೇಲಿನ ಪಟ್ಟಿ ಎಣಿಸಿಕೊಂಡು ಬನ್ನಿ.