ಕುಡಿದು ವಾಹನ ಓಡಿಸಿದ ಪ್ರಕರಣ, ಶಿಕ್ಷೆ: ದಾಖಲೆ ಎಲ್ಲಿ ಸಿಗುತ್ತದೆ? (ಹುಬ್ಬಳ್ಳಿ, ಶಾಲಾ ವ್ಯಾನ್ ವಿಷಯ)

ಕೇಶ್ವಾಪುರದ ಔಷಧ ಅಂಗಡಿ:

ನಮಸ್ಕಾರ. ನಮ್ಮ ಓಣಿಯ ಮಕ್ಕಳೆಲ್ಲ ಒಂದೇ ವ್ಯಾನಿನಲ್ಲಿ ವಿದ್ಯಾನಗರದ ಶಾಲೆಗೆ ಹೋಗುತ್ತಾರೆ. ವ್ಯಾನಿನ ಬಾಡಿಗೆ ಸಂಗ್ರಹ, ಡೀಸೆಲ್ ದರ ಏರಿದಾಗಿನ ತಕರಾರು, ರಜೆಯ ತಿಂಗಳಿನ ಅರ್ಧ ಬಾಡಿಗೆಯ ಜಗಳ, ಎಲ್ಲವೂ ನನ್ನ ಕೊರಳಿಗೆ ಬಿದ್ದಿವೆ. ನನ್ನದು ಔಷಧ ಅಂಗಡಿ, ರಾತ್ರಿ ಹತ್ತರವರೆಗೆ ಬಾಗಿಲು ತೆರೆದಿರುತ್ತದೆ ಎಂಬುದಷ್ಟೇ ಅದಕ್ಕೆ ಕಾರಣ.

ಹೋದ ವಾರ ಜ್ವರದ ಮಾತ್ರೆ ಕೊಳ್ಳಲು ಬಂದ ತಾಯಿಯೊಬ್ಬರು ದನಿ ತಗ್ಗಿಸಿ ಒಂದು ಮಾತು ಹೇಳಿದರು. ನಮ್ಮ ಚಾಲಕ ಹಿಂದೊಮ್ಮೆ ಬಂಕಾಪುರ ಟೋಲ್ ಹತ್ತಿರ ಕುಡಿದು ಗಾಡಿ ಓಡಿಸುತ್ತಾ ಸಿಕ್ಕಿಬಿದ್ದಿದ್ದನಂತೆ. ಮರುದಿನ ಅದು ‘ಜೈಲಿಗೆ ಹೋಗಿ ಬಂದವನು’ ಎಂದಾಯಿತು. ಸಂಜೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಅಪಘಾತದಲ್ಲಿ ಒಬ್ಬರು ಸತ್ತಿದ್ದರಂತೆ’ ಎಂದೂ ಸೇರಿತು. ಈ ವೇಗ ನಮ್ಮ ಹುಬ್ಬಳ್ಳಿ-ಧಾರವಾಡದ ವೇಗದ ಚಿಗರಿ ಬಸ್ಸಿಗೂ ಇಲ್ಲ.

ಬೇರೆಯವರ ಬಾಯಿಮಾತಿನ ಮೇಲೆ ಒಬ್ಬನ ಅನ್ನ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಮಾತು ನಿಜವಾಗಿದ್ದರೆ ಸುಮ್ಮನಿರುವ ಹಕ್ಕೂ ನನಗಿಲ್ಲ, ವ್ಯಾನಿನಲ್ಲಿ ನನ್ನ ಮಗಳೂ ಇದ್ದಾಳೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಬ್ಬಳ್ಳಿ ನ್ಯಾಯಾಲಯ ಆರಿಸಿ ಹೆಸರು ಹಾಕಿ ನೋಡಿದೆ, ಏನೂ ಸಿಗಲಿಲ್ಲ. ಪೊಲೀಸ್ ಇಲಾಖೆಯ ಜಾಲತಾಣದ ಎಫ್‌ಐಆರ್ ವಿಭಾಗದಲ್ಲೂ ಇಲ್ಲ. ಇಂಥ ಪ್ರಕರಣಗಳ ದಾಖಲೆ ಸಾರ್ವಜನಿಕರಿಗೆ ಸಿಗುತ್ತದೆಯೇ? ಸಿಕ್ಕರೆ ಎಲ್ಲಿ? ನಿಜವಾದ ಶಿಕ್ಷೆ ಎಷ್ಟು? ಬಲ್ಲವರು ತಿಳಿಸಿ.

ನಿವೃತ್ತ ಶಿರಸ್ತೇದಾರ, ಧಾರವಾಡ:

ಮೊದಲು ಶಿಕ್ಷೆಯ ಮಾತು, ಏಕೆಂದರೆ ಜನ ಹೆಚ್ಚು ಕಥೆ ಕಟ್ಟುವುದು ಅಲ್ಲಿಯೇ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂಗಿಂತ ಹೆಚ್ಚು ಮದ್ಯಾಂಶ ಇದ್ದರೆ ಅಪರಾಧ. ಮೊದಲ ಬಾರಿಗೆ 6 ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸೆರೆವಾಸ, ಅಥವಾ 15,000 ರೂಪಾಯಿ, ಅಥವಾ ಎರಡೂ. ಈ ಮೊತ್ತ 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚಿನ ಪ್ರಕರಣವಾಗಿದ್ದರೆ ಮೊದಲ ಬಾರಿಯ ದಂಡ 2,000 ರೂಪಾಯಿಯೊಳಗೆ ಇರುತ್ತಿತ್ತು. ದಂಡದ ಮೊತ್ತ ನೋಡಿದರೆ ಪ್ರಕರಣ ಹಳೆಯದೋ ಹೊಸದೋ ಎಂದು ಅರ್ಧ ತಿಳಿದುಬಿಡುತ್ತದೆ.

ಅದೇ ತಿಂಗಳು ರಾಜ್ಯ ಸರ್ಕಾರ ಹೆಲ್ಮೆಟ್, ಸೀಟ್ ಬೆಲ್ಟ್‌ನಂಥ ದಂಡಗಳನ್ನು ಇಳಿಸಿತ್ತು. ಇದನ್ನು ಇಳಿಸಲಿಲ್ಲ, ಏಕೆಂದರೆ 185 ರಸ್ತೆಯಲ್ಲೇ ದಂಡ ಕಟ್ಟಿ ರಾಜಿ ಮಾಡಿಕೊಳ್ಳುವ ಅಪರಾಧವಲ್ಲ. ಪೊಲೀಸರು ಪ್ರಕರಣವನ್ನು ನ್ಯಾಯಾಲಯಕ್ಕೆ ಕಳಿಸಲೇಬೇಕು, ಆರೋಪಿ ನ್ಯಾಯಾಧೀಶರ ಮುಂದೆ ನಿಲ್ಲಲೇಬೇಕು. ‘ಅಲ್ಲೇ ಕಟ್ಟಿ ಬಂದೆ’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಎರಡು ಬಾರಿ ಕೇಳಿ.

ಹೀಗೆ ನ್ಯಾಯಾಲಯಕ್ಕೆ ಬಂದೇ ಬರುವುದರಿಂದ ದಾಖಲೆ ಇದ್ದೇ ಇರುತ್ತದೆ. ಹುಡುಕುವ ಬಗೆ ಬೇರೆ. ಹೆಸರಿನ ಜೊತೆ ಪ್ರಕರಣ ದಾಖಲಾದ ವರ್ಷ ಬೇಕು. ‘ಬಾಕಿ’ ಎಂಬ ಆಯ್ಕೆಯಲ್ಲೇ ಬಿಟ್ಟು ಹುಡುಕಿದರೆ ಕಾಣುವುದಿಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿದವರ ಪ್ರಕರಣ ಎಂದೋ ವಿಲೇವಾರಿಯಾಗಿರುತ್ತದೆ, ಆದ್ದರಿಂದ ಎರಡನ್ನೂ ಸೇರಿಸಿದ ಆಯ್ಕೆ ಒತ್ತಿ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಲವು ಬಗೆಯಲ್ಲಿ ಬರೆದು ನೋಡಿ. ಠಾಣೆಯ ಕಾಗದದಲ್ಲಿ ಹೇಗಿತ್ತೋ ಹಾಗೆಯೇ ನಮ್ಮ ನ್ಯಾಯಾಲಯದ ಗುಮಾಸ್ತರು ಟೈಪ್ ಮಾಡಿರುತ್ತಾರೆ. ‘ಬಸವರಾಜ’ನನ್ನು ಎಷ್ಟು ವಿಧವಾಗಿ ಬರೆಯಬಹುದು ಎಂದು ನನ್ನ ಸೇವಾವಧಿಯಲ್ಲಿ ನೋಡಿ ದಣಿದಿದ್ದೇನೆ. ಹೆಸರು ಸಿಕ್ಕರೂ ತಂದೆಯ ಹೆಸರು, ಊರು ತಾಳೆಯಾಗದೆ ‘ಇವನೇ’ ಎನ್ನಬೇಡಿ.

ಎಫ್‌ಐಆರ್ ಕಾಣದಿರುವುದಕ್ಕೆ ಅರ್ಥವಿದೆ. ಎಫ್‌ಐಆರ್‌ಗಳನ್ನು ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ್ದು ನಿಜ. ಬರಿಯ ತಪಾಸಣೆಯಲ್ಲಿ ಊದಿಸಿ ಹಾಕಿದ ಪ್ರಕರಣಗಳು ಸಾಮಾನ್ಯವಾಗಿ ಎಫ್‌ಐಆರ್ ಇಲ್ಲದೆಯೇ ನೇರವಾಗಿ ನ್ಯಾಯಾಲಯಕ್ಕೆ ಬರುತ್ತವೆ. ಅಪಘಾತವಾಗಿ ಸಾವು ಸಂಭವಿಸಿದ್ದರೆ ಎಫ್‌ಐಆರ್ ಇಲ್ಲದಿರಲು ಸಾಧ್ಯವೇ ಇಲ್ಲ. ನಿಮ್ಮ ಗುಂಪಿನ ‘ಒಬ್ಬರು ಸತ್ತಿದ್ದರಂತೆ’ ಎಂಬುದನ್ನು ಆ ತಕ್ಕಡಿಯಲ್ಲಿ ತೂಗಿ.

ಬ್ಯಾಡಗಿ ಲಾರಿ ಮಾಲೀಕ:

ಅಂಗಡಿಯವರೇ, ಬಂಕಾಪುರ ಎಂದಿರಿ, ಹುಡುಕಿದ್ದು ಹುಬ್ಬಳ್ಳಿಯಲ್ಲಿ. ಬಂಕಾಪುರ ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕು. ಅಲ್ಲಿ ಹಿಡಿದ ಗಾಡಿಯ ಪ್ರಕರಣ ಹುಬ್ಬಳ್ಳಿಯ ತಿಮ್ಮಸಾಗರದ ಕೋರ್ಟಿಗೆ ಏಕೆ ಬರುತ್ತದೆ? ಹಾವೇರಿ ಜಿಲ್ಲೆ ಆರಿಸಿ, ಶಿಗ್ಗಾಂವಿ ನ್ಯಾಯಾಲಯ ಸಂಕೀರ್ಣ ಆರಿಸಿ, ಆಮೇಲೆ ಹೆಸರು ಹಾಕಿ. ಹುಬ್ಬಳ್ಳಿ ಸುತ್ತಲೂ ಇದೇ ಗೊಂದಲ. ನಗರದೊಳಗೆ ಪೊಲೀಸ್ ಕಮಿಷನರ್ ವ್ಯಾಪ್ತಿ, ಗ್ರಾಮೀಣ ಠಾಣೆಗಳು ಧಾರವಾಡ ಜಿಲ್ಲಾ ಎಸ್‌ಪಿ ಕೈಕೆಳಗೆ, ಕುಂದಗೋಳ, ಕಲಘಟಗಿ, ನವಲಗುಂದಕ್ಕೆ ಬೇರೆ ಬೇರೆ ಕೋರ್ಟು.

ನಾನು ಮೆಣಸಿನಕಾಯಿ ಹೇರುವ ಲಾರಿಗಳನ್ನು ಇಟ್ಟವನು. ಚಾಲಕ ಬೇಕೆಂದಾಗ ಇಷ್ಟೆಲ್ಲ ಪತ್ತೇದಾರಿಕೆ ಮಾಡುವುದಿಲ್ಲ. ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ತೆಗೆದುಕೊಂಡು ಬಾ, ಶುಲ್ಕ ನಾನು ಕೊಡುತ್ತೇನೆ ಎನ್ನುತ್ತೇನೆ. ಲೈಸೆನ್ಸನ್ನು ಸಾರಿಗೆ ಇಲಾಖೆಯ ಸಾರಥಿ ಜಾಲತಾಣದಲ್ಲಿ ಅವನ ಎದುರಿಗೇ, ಅವನೇ ಹೇಳಿದ ಜನ್ಮದಿನಾಂಕ ಹಾಕಿ ತೆರೆದು ನೋಡುತ್ತೇನೆ. ಕಳ್ಳತನದಿಂದ ನೋಡಿದರೆ ನಾಳೆ ಅವನೂ ನನ್ನ ಡೀಸೆಲ್‌ಗೆ ಕಳ್ಳಗಣ್ಣು ಹಾಕುತ್ತಾನೆ.

ಗದಗಿನ ವರದಿಗಾರ್ತಿ:

ನ್ಯಾಯಾಲಯದ ವರದಿ ಮಾಡುವವಳಾಗಿ ಒಂದೆರಡು ಮಾತು. ‘ಕುಡಿದು ಓಡಿಸಿದವನಿಗೆ 17 ಸಾವಿರ ದಂಡ’ ಎಂಬ ಸುದ್ದಿ ಓದಿದಾಗ ಮದ್ಯಕ್ಕೆ ಅಷ್ಟು ಎಂದುಕೊಳ್ಳಬೇಡಿ. 185ಕ್ಕೆ 10,000, ಲೈಸೆನ್ಸ್ ಇಲ್ಲದ್ದಕ್ಕೆ 5,000, ವಿಮೆ ಇಲ್ಲದ್ದಕ್ಕೆ 2,000, ಹೀಗೆ ಕೂಡಿಸಿದ ಮೊತ್ತ ಅದು. ಕಲಂಗಳ ಪಟ್ಟಿ ನೋಡದೆ ಮೊತ್ತ ಮಾತ್ರ ಹೇಳುವುದು ನಮ್ಮ ವೃತ್ತಿಯವರ ಕೆಟ್ಟ ಚಾಳಿ.

ಊರಿನ ಒಟ್ಟು ಲೆಕ್ಕ ಬೇಕಾದವರಿಗೆ ಕಷ್ಟ ಹೆಚ್ಚು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ನಗರವಾರು ಕೋಷ್ಟಕಗಳು ದೊಡ್ಡ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ, ಆ ಸಾಲಿಗೆ ಸೇರಲಿಲ್ಲ. ಆದ್ದರಿಂದ ಕಮಿಷನರ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು: 10 ರೂಪಾಯಿ ಶುಲ್ಕ, 30 ದಿನಗಳ ಗಡುವು. ಸಂಚಾರ ಠಾಣೆವಾರು, ವರ್ಷವಾರು 185ರ ಪ್ರಕರಣಗಳ ಸಂಖ್ಯೆ ಎಂದು ಕೇಳಿ. ಒಬ್ಬ ವ್ಯಕ್ತಿಯ ಹೆಸರು ಬರೆದು ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕುತ್ತಾರೆ.

ಕೇಶ್ವಾಪುರದ ಔಷಧ ಅಂಗಡಿ:

ಎಲ್ಲರಿಗೂ ವಂದನೆ. ಶಿಗ್ಗಾಂವಿಯಲ್ಲಿ ಹುಡುಕಿದಾಗ ಅದೇ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಬಂದರು. ಶಿರಸ್ತೇದಾರರ ಎಚ್ಚರಿಕೆ ನೆನಪಾಗಿ ಪರದೆ ಮುಚ್ಚಿ, ಲಾರಿ ಮಾಲೀಕರ ದಾರಿ ಹಿಡಿದೆ. ಸಂಜೆ ವ್ಯಾನ್ ನಿಲ್ಲಿಸಿದ ಮೇಲೆ ಚಾಲಕನನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದು ನೇರವಾಗಿ ಕೇಳಿದೆ. ಅವನು ತಡವರಿಸಲಿಲ್ಲ. ‘ಹೌದು ಸರ್, ವ್ಯಾನಿಗೆ ಬರುವ ಮೊದಲು. ತಂಗಿಯ ಮದುವೆ ಮುಗಿಸಿ ಬೈಕಿನಲ್ಲಿ ಬರುತ್ತಿದ್ದೆ’ ಎಂದ. ಮರುದಿನ ಮಡಿಸಿ ಮಡಿಸಿ ಹರಿಯುವಂತಾಗಿದ್ದ ದಂಡದ ರಸೀದಿ ತಂದುಕೊಟ್ಟ. ಅದರ ಮೇಲಿನ ಸಿ.ಸಿ. ಸಂಖ್ಯೆ (ಕ್ರಿಮಿನಲ್ ಪ್ರಕರಣದ ಸಂಖ್ಯೆ) ಹಾಕಿದೊಡನೆ ಪ್ರಕರಣ ತೆರೆದುಕೊಂಡಿತು. ಕಲಂ 185 ಒಂದೇ. ಅಪಘಾತವಿಲ್ಲ, ಜೈಲಿಲ್ಲ, 10,000 ದಂಡ. ಆದೇಶದ ಪ್ರತಿ ಮಾತ್ರ ಜಾಲತಾಣದಲ್ಲಿ ಇಲ್ಲ.

ಭಾನುವಾರ ಪಾಲಕರ ಸಭೆ ಇದೆ. ಕೆಲವರಿಗೆ ಈ ರಸೀದಿಯೇ ಅವನನ್ನು ಬಿಡಿಸಲು ಸಾಕು, ಕೆಲವರಿಗೆ ಅವನು ಒಪ್ಪಿಕೊಂಡದ್ದೇ ಸಾಕು. ನಾನು ಇಟ್ಟುಕೊಳ್ಳಬೇಕು ಎಂಬ ಪಕ್ಷ. ಆದೇಶದ ಪ್ರತಿ ಸಭೆಗೆ ತೋರಿಸಬೇಕೆಂದರೆ ಏನು ಮಾಡಬೇಕು?

ನಿವೃತ್ತ ಶಿರಸ್ತೇದಾರ, ಧಾರವಾಡ:

ತಪ್ಪೊಪ್ಪಿಗೆಯ ಪ್ರಕರಣಗಳಲ್ಲಿ ಆದೇಶ ಎರಡು ಮೂರು ಸಾಲು ಇರುತ್ತದೆ, ಎಷ್ಟೋ ಕಡೆ ಅದನ್ನು ಏರಿಸುವುದೇ ಇಲ್ಲ. ನೀವು ಅರ್ಜಿ ಹಾಕಬೇಡಿ. ಹೊರಗಿನವರು ನಕಲು ಏಕೆ ಬೇಕು ಎಂದು ಕಾರಣ ಬರೆದು ನ್ಯಾಯಾಧೀಶರ ಅನುಮತಿ ಪಡೆಯಬೇಕಾಗುತ್ತದೆ, ಭಾನುವಾರದೊಳಗೆ ಆಗುವ ಕೆಲಸವಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳುವಂತೆಯೂ ಇಲ್ಲ. ನ್ಯಾಯಾಲಯದ ಕಡತದ ನಕಲಿಗೆ ನ್ಯಾಯಾಲಯದ ನಿಯಮವೇ ದಾರಿ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಕರಣ ಚಾಲಕನದು, ಅವನೇ ಶಿಗ್ಗಾಂವಿ ನ್ಯಾಯಾಲಯದ ನಕಲು ವಿಭಾಗದಲ್ಲಿ ಸಿ.ಸಿ. ಸಂಖ್ಯೆ ಬರೆದು ಕೇಳಲಿ.

ಸಭೆಯಲ್ಲಿ ಆದೇಶಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು ಲೈಸೆನ್ಸ್. ದಂಡ ಹಾಕುವುದು ನ್ಯಾಯಾಲಯ, ಆದರೆ ಆರ್‌ಟಿಒ ಪ್ರತ್ಯೇಕವಾಗಿ ಲೈಸೆನ್ಸ್ ಅಮಾನತು ಮಾಡಬಹುದು. ಅಮಾನತಾಗಿತ್ತೇ, ಅವಧಿ ಮುಗಿದಿದೆಯೇ, ಈಗ ಸಾರಥಿಯಲ್ಲಿ ಏನು ತೋರಿಸುತ್ತದೆ ಎಂಬುದನ್ನು ಅವನ ಕೈಯಿಂದಲೇ ತೆಗೆಸಿ ನೋಡಿ. ಆ ರಸೀದಿಯ ಫೋಟೊ ಗುಂಪಿಗೆ ಹಾಕಬೇಡಿ. ಸಭೆಯಲ್ಲಿ ಕೈಯಿಂದ ಕೈಗೆ ತೋರಿಸಿ ಅವನಿಗೇ ಹಿಂತಿರುಗಿಸಿ. ‘ಒಬ್ಬರು ಸತ್ತಿದ್ದರಂತೆ’ ಎಂದು ಬರೆದವರು ಯಾರೆಂದು ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅವರೇ ಅದನ್ನು ಅಳಿಸಿ, ಸುಳ್ಳೆಂದು ಬರೆಯಲಿ. ಒಪ್ಪದಿದ್ದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನನಷ್ಟದ ಕಲಂ 356 ಎಂದು ಚಾಲಕನಿಗೆ ಹೇಳಿಡಿ.